ಹಡಗಿನ ಎಂಜಿನಿಗೆ ಗಾಳಿ ಸಾಲದಾದಾಗ

ಒಂದು ಕಿಲೋಗ್ರಾಂ ಡೀಸೆಲ್ ಎಣ್ಣೆ ಪೂರ್ಣವಾಗಿ ಉರಿಯಬೇಕಾದರೆ 14 ಕಿಲೋಗ್ರಾಂಗೂ ಮಿಗಿಲಾದ ಗಾಳಿ ಬೇಕು. ಸಿಲಿಂಡರಿನ ಗಾತ್ರವನ್ನು ಹೆಚ್ಚಿಸದೆ ಅದರೊಳಗೆ ಹೆಚ್ಚು ಗಾಳಿಯನ್ನು ತುಂಬುವ ಉಪಾಯವೊಂದಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರಾದ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದನು. ಎಂಜಿನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಟರ್ಬೈನನ್ನು ತಿರುಗಿಸುವುದು. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನಿಗೆ ತಳ್ಳುವುದು. ಇದೇ ಟರ್ಬೋಚಾರ್ಜರು.

ಒತ್ತಿದ ಗಾಳಿ ಬಿಸಿಯಾಗುವುದೆಂಬುದನ್ನು ಸೈಕಲ್ ಪಂಪನ್ನು ಮುಟ್ಟಿ ನೋಡಿದವರೆಲ್ಲ ಬಲ್ಲರು. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯ ಒತ್ತಡವನ್ನು ಮೂರು ಪಟ್ಟಿಗೆ ಏರಿಸಿದರೆ, ಶಾಖ ಸೋರಿಹೋಗದ ಪಕ್ಷದಲ್ಲಿ, ಅದರ ಉಷ್ಣತೆ ಕಡಮೆಯೆಂದರೂ 138 ಡಿಗ್ರಿಗಳಷ್ಟಾಗುವುದು. ಬಿಸಿಗಾಳಿ ವಿರಳವಾದುದು. ಆದುದರಿಂದ ಅದನ್ನು ಶೀತಕವೊಂದರಲ್ಲಿ ನೀರಿನ ನೆರವಿನಿಂದ ತಣಿಸಿ ಸಿಲಿಂಡರಿಗೆ ಬಿಡುತ್ತಾರೆ. ಕೆಲವು ಎಂಜಿನುಗಳಲ್ಲಿ ಒತ್ತಡವು ಮಿತಿಮೀರದಂತೆ ಹೊಗೆಯ ಒಂದು ಭಾಗವನ್ನು ಟರ್ಬೈನಿಗೆ ಕೊಡದೆ ಪಕ್ಕಕ್ಕೆ ಹರಿಸುವ ಕವಾಟವೂ ಉಂಟು.

ನಡುಗಡಲಿನಲ್ಲಿ ಗಾಳಿಯ ಒತ್ತಡವನ್ನು ತೋರಿಸುವ ಮುಳ್ಳು ಕೆಳಗಿಳಿಯಿತೆನ್ನೋಣ. ಟರ್ಬೋಚಾರ್ಜರೇ ಕೆಟ್ಟಿತೆಂದು ಅದನ್ನು ಬಿಚ್ಚಲು ಹೊರಡುವುದು ಆತುರದ ಕೆಲಸ. ಮುಳ್ಳು ತಿಳಿಸುವುದು ಲಕ್ಷಣವನ್ನು, ಕಾರಣವನ್ನಲ್ಲ. ಮೊದಲು ಇನ್ನೊಂದು ಮಾಪಕದೊಡನೆ ತಾಳೆ ನೋಡಬೇಕು. ಅನಂತರ ಎಂಜಿನಿನ ಹೊರೆಯನ್ನು ಗಮನಿಸಬೇಕು. ಹೊರೆ ಇಳಿದರೆ ಹೊಗೆಯ ಶಕ್ತಿಯೂ ಕುಗ್ಗಿ ಒತ್ತಡ ತಾನಾಗಿಯೇ ಇಳಿಯುವುದು ಸಹಜ. ಎಂಜಿನು ಹೊಸದಾಗಿದ್ದಾಗ ಅದೇ ಹೊರೆಯಲ್ಲಿ ಬರೆದಿಟ್ಟ ಅಂಕಿಗಳೊಡನೆ ಹೋಲಿಸಿದಾಗ ಮಾತ್ರ ದೋಷವಿದೆಯೆಂದು ಹೇಳಬಹುದು.

ದೋಷವಿರುವುದು ನಿಜವಾದರೆ, ಗಾಳಿಯ ದಾರಿಯನ್ನು ಹಿಡಿದು ನಡೆಯೋಣ. ಗಾಳಿಯ ಶೋಧಕದ ಎರಡು ಬದಿಗಳ ಒತ್ತಡದ ಅಂತರ ಹೆಚ್ಚಿದ್ದರೆ ಶೋಧಕವು ಧೂಳಿನಿಂದ ಕಟ್ಟಿಕೊಂಡಿದೆ. ಶೀತಕದ ಹಿಂದುಮುಂದಿನ ಒತ್ತಡದ ಅಂತರ ಹೆಚ್ಚಿದ್ದರೆ ಅದರ ಗಾಳಿಯ ಸಂದುಗಳು ಮುಚ್ಚಿವೆ. ಅಂತರ ಸರಿಯಾಗಿದ್ದು ಹೊರಬರುವ ಗಾಳಿ ಬಿಸಿಯಾಗಿದ್ದರೆ ತೊಂದರೆ ನೀರಿನ ಕಡೆಯದು. ಇವೆರಡೂ ಸರಿಯಾಗಿದ್ದರೆ ಟರ್ಬೋಚಾರ್ಜರಿನ ವೇಗವನ್ನು ನೋಡಬೇಕು. ವೇಗ ಸಾಕಷ್ಟಿದ್ದೂ ಒತ್ತಡ ಬರದಿದ್ದರೆ, ಒತ್ತುವ ಚಕ್ರಕ್ಕೆ ಎಣ್ಣೆಯ ಜಿಡ್ಡು ಹಿಡಿದಿರಬೇಕು ಇಲ್ಲವೆ ಮುಂದಿನ ಕೊಳವೆಯಲ್ಲಿ ಗಾಳಿ ಸೋರುತ್ತಿರಬೇಕು. ವೇಗವೇ ಕಡಮೆಯಾಗಿದ್ದರೆ, ಪಕ್ಕದ ಕವಾಟ ಪೂರ್ತಿ ಮುಚ್ಚದೆಯೋ ಹೊಗೆಯ ಕೊಳವೆ ಬಿರುಕುಬಿಟ್ಟೋ ಹೊಗೆ ದುಡಿಯದೆ ತಪ್ಪಿಸಿಕೊಳ್ಳುತ್ತಿರಬಹುದು. ಅದೂ ಅಲ್ಲವಾದರೆ ಟರ್ಬೈನಿನ ಅಲಗುಗಳನ್ನೂ ಬೇರಿಂಗುಗಳನ್ನೂ ಶಂಕಿಸಬೇಕು. ಒತ್ತಡವು ಮಿತಿಮೀರಿ ಏರಿದ್ದರೆ, ಕವಾಟವು ಮುಚ್ಚಿದಂತೆಯೇ ಸಿಕ್ಕಿಕೊಂಡಿರುವ ಸಂಭವವುಂಟು.

ಈ ಪರೀಕ್ಷೆಯಲ್ಲಿ ಉದಾಸೀನ ಸಲ್ಲದು. ಗಾಳಿ ಸಾಲದಿದ್ದರೆ ಎಣ್ಣೆ ಸರಿಯಾಗಿ ಉರಿಯದು; ಹೊಗೆಯ ಉಷ್ಣತೆ ಏರಿ ಸಿಲಿಂಡರಿನ ಕವಾಟಗಳು ಸುಡುವುವು; ಮಸಿಯು ಟರ್ಬೈನಿಗೆ ಮೆತ್ತಿಕೊಂಡು ಅದರ ದಕ್ಷತೆಯನ್ನು ಕುಗ್ಗಿಸುವುದು. ಆಗ ಗಾಳಿ ಮತ್ತಷ್ಟು ಕಡಮೆಯಾಗುವುದು. ಹೀಗೆ ದೋಷವು ತನ್ನನ್ನು ತಾನೇ ಬೆಳೆಸಿಕೊಳ್ಳುವುದು. ಬಿರುಗಾಳಿಯಲ್ಲಿಯೋ ಬಂಡೆಗಳಿರುವ ದಡದ ಬಳಿಯಲ್ಲಿಯೋ ಹಡಗಿನ ಬಲ ಕುಗ್ಗಿದರೆ ಅದರಲ್ಲಿರುವವರೆಲ್ಲರ ಪ್ರಾಣಕ್ಕೂ ಅಪಾಯ.

ಒತ್ತಡ, ಉಷ್ಣತೆ, ವೇಗ ಇವು ನಾವು ಪಾಠಶಾಲೆಯಲ್ಲಿ ಕಲಿತ ಪರಿಮಾಣಗಳೇ. ಒಂದೊಂದನ್ನೇ ಬೇರೆಯಾಗಿ ನೋಡಿದರೆ ಅವು ಹೇಳುವುದು ಅಲ್ಪ. ಜೊತೆಗೂಡಿಸಿ ಓದಿದರೆ, ಒಂದು ತಿರುಪನ್ನೂ ಬಿಚ್ಚುವ ಮೊದಲೇ ದೋಷದ ನೆಲೆಯತ್ತ ಬೆರಳು ತೋರುವುವು.