ಮನವಿಯಿಂದ ಕಾಯ್ದೆಯವರೆಗೆ

ಸರ್ಕಾರಿ ಸೇವೆಯಲ್ಲಿದ್ದಾಗ ನನ್ನ ಮೇಜಿಗೆ ಬಂದ ಮನವಿಪತ್ರಗಳಿಗೆ ಲೆಕ್ಕವಿಲ್ಲ. ‘ನ್ಯಾಯ ಒದಗಿಸಿ’ ಎಂದಷ್ಟೇ ಕೋರಿದವಕ್ಕೆ ಸ್ವೀಕೃತಿ ದೊರೆಯುತ್ತಿತ್ತು. ಯಾವ ನಿಯಮ ಹೇಗೆ ಬದಲಾಗಬೇಕೆಂದು ಪುರಾವೆ ಸಹಿತ ಬರೆದವಕ್ಕೆ ಕಡತ ತೆರೆಯಲೇಬೇಕಾಗುತ್ತಿತ್ತು.

ಮಾಹಿತಿ ಹಕ್ಕಿನ ಇತಿಹಾಸ ಇದಕ್ಕೆ ನಿದರ್ಶನ. 1990ರಲ್ಲಿ ರಾಜಸ್ಥಾನದಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕೇಳಿದ್ದು ಕಾಮಗಾರಿಗಳ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು. 1994ರಿಂದ ‘ಜನ ಸುನವಾಯಿ’ ಎಂಬ ಬಹಿರಂಗ ಸಭೆಗಳಲ್ಲಿ ಅವನ್ನು ಓದಿದಾಗ, ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಕೂಲಿ ಪಾವತಿಯಾದದ್ದು ಬಯಲಾಯಿತು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ನಡೆಯಿತು. ಅದೇ ವರ್ಷ ಭಾರತೀಯ ಪತ್ರಿಕಾ ಮಂಡಳಿಯ ನೆರವಿನಿಂದ ಮಸೂದೆಯ ಕರಡೂ ಸಿದ್ಧವಾಯಿತು. ಕರ್ನಾಟಕ 2000ದಲ್ಲೇ ತನ್ನದೇ ಕಾಯ್ದೆ ರೂಪಿಸಿತು, ಸಂಸತ್ತು 2005ರಲ್ಲಿ.

ಕಾಯ್ದೆ ಬಂದೊಡನೆ ಚಳವಳಿಯ ಹೊಣೆ ಮುಗಿಯುವುದಿಲ್ಲ. 2019ರ ತಿದ್ದುಪಡಿಯು ಮಾಹಿತಿ ಆಯುಕ್ತರ ಅಧಿಕಾರಾವಧಿ ಹಾಗೂ ವೇತನದ ನಿರ್ಧಾರವನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೆಕ್ಷನ್ 8(1)(ಜೆ)ಯಲ್ಲಿದ್ದ ಸಾರ್ವಜನಿಕ ಹಿತದ ಷರತ್ತನ್ನೇ ಕೈಬಿಟ್ಟಿತು. ಹಾಜರಿ ಪಟ್ಟಿಯ ಹೆಸರುಗಳನ್ನೂ ‘ವೈಯಕ್ತಿಕ’ ಎಂದು ನಿರಾಕರಿಸಲು ಇದು ನೆಪವಾಗಬಲ್ಲದು. ಕಾಯ್ದೆಗಾಗಿ ಹೋರಾಡಿದ ಸಂಘಟನೆಗಳು ತಿದ್ದುಪಡಿಯ ಕರಡನ್ನೂ ಅಷ್ಟೇ ಎಚ್ಚರದಿಂದ ಓದಬೇಕು. ಅಂಗೀಕಾರಕ್ಕೆ ಮೊದಲೇ ಪರ್ಯಾಯ ಒಕ್ಕಣೆಯನ್ನು ಶಾಸಕರ ಕೈಗಿಡಬೇಕು.