ಆಪರೇಷನ್ ಅಂಡಾಶಯಕ್ಕೆ, ಚಿಂತೆ ಹೊಟ್ಟೆಯದು

‘ನಾಳೆ ಆಪರೇಷನ್, ರಾತ್ರಿಯಿಂದ ಏನೂ ತಿನ್ನಿಸಬೇಡಿ.’ ನಾಯಿ, ಬೆಕ್ಕು ಸಾಕಿದವರಿಗೆ ಈ ಮಾತು ಚೆನ್ನಾಗಿ ಗೊತ್ತು. ಅರಿವಳಿಕೆಯ ಮಂಪರಿನಲ್ಲಿ ವಾಂತಿಯಾಗಿ, ಅದು ಶ್ವಾಸನಾಳಕ್ಕೆ ಇಳಿದೀತೆಂಬ ಭಯ ಅದರ ಹಿಂದಿದೆ. ಮನೆಯಲ್ಲಿರುವುದು ಗಿನಿಪಿಗ್ ಆದರೆ ಈ ಸೂಚನೆ ಸಲ್ಲದು. ಅದಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಇಲಿ, ಹೆಗ್ಗಣಗಳ ಕಥೆಯೂ ಅಷ್ಟೇ. ರಾತ್ರಿಯಿಡೀ ಉಪವಾಸ ಕೆಡವಿದರೆ ಕತ್ತರಿ ತಾಗುವ ಮೊದಲೇ ಅದರ ಹೊಟ್ಟೆ ಕೈಕೊಡಬಹುದು.

ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳ ಹಿಂದೆ ಮಾಂಸಕ್ಕಾಗಿ ಪಳಗಿಸಿದ ಪ್ರಾಣಿ ಇದು. ಒರಟು ಹುಲ್ಲು ಮೇಯ್ದು ಬದುಕುವ ದೇಹ. ಆ ಹುಲ್ಲಿನ ನಾರನ್ನು ಅರಗಿಸುವುದು ಜಠರವಲ್ಲ, ಸಣ್ಣಕರುಳು ದೊಡ್ಡಕರುಳನ್ನು ಕೂಡುವಲ್ಲಿರುವ ಸೀಕಮ್ ಎಂಬ ಚೀಲ. ಹೊಟ್ಟೆಯೊಳಗಿನ ಸರಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಇರುತ್ತದೆ. ದೋಸೆಹಿಟ್ಟಿನ ಪಾತ್ರೆಯಂತೆ ಅಲ್ಲಿ ಬ್ಯಾಕ್ಟೀರಿಯಾಗಳ ಹುದುಗುವ ಕೆಲಸ ನಡೆದೇ ಇರುತ್ತದೆ. ಮೇಲಿನಿಂದ ನಾರು ಬರುತ್ತಿದ್ದರೆ ಕರುಳು ಮುಂದಕ್ಕೆ ತಳ್ಳುತ್ತದೆ; ಬರುವುದು ನಿಂತರೆ ಕರುಳೂ ನಿಧಾನವಾಗುತ್ತದೆ. ಅನಿಲ ತುಂಬಿ ಹೊಟ್ಟೆ ಉಬ್ಬುತ್ತದೆ, ಆ ನೋವಿಗೆ ಪ್ರಾಣಿ ಇನ್ನಷ್ಟು ಊಟ ಬಿಡುತ್ತದೆ. ಆಗ ದೇಹ ತನ್ನದೇ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಸಾಗಿಸುತ್ತದೆ. ದಢೂತಿ ಗಿನಿಪಿಗ್‌ಗಳಲ್ಲಿ ಯಕೃತ್ತು ಈ ಹೊರೆಗೇ ಸೋತುಹೋಗುವುದುಂಟು.

ಹಾಗಾಗಿ ಇವುಗಳನ್ನು ಬಲ್ಲ ವೈದ್ಯರು ಉಪವಾಸವನ್ನು ಕೆಲವೇ ಗಂಟೆಗಳಿಗೆ ಸೀಮಿತಗೊಳಿಸುತ್ತಾರೆ. ಆ ಬಿಡುವೂ ಬಾಯಿಯ ಸಲುವಾಗಿ. ಗಿನಿಪಿಗ್ ಸದಾ ಅಗಿಯುವ ಪ್ರಾಣಿ, ಕೆನ್ನೆಯೊಳಗೆ ಹುಲ್ಲಿನ ಚೂರು ಉಳಿದಿರುತ್ತದೆ. ಅದರ ಮೃದು ಅಂಗುಳ ನಾಲಿಗೆಯ ಬುಡಕ್ಕೆ ಅಂಟಿಕೊಂಡಿದ್ದು, ಗಂಟಲಿಗಿರುವ ದಾರಿ ನಡುವಿನ ಒಂದು ಕಿರಿದಾದ ಕಿಂಡಿ ಮಾತ್ರ. ಆ ಕಿಂಡಿಯಲ್ಲಿ ಉಸಿರಿನ ನಳಿಗೆ ತೂರಿಸುವುದು ಪಳಗಿದ ಕೈಗೂ ಕಷ್ಟ. ಬಾಯಿ ಒರೆಸಿ ಸ್ವಚ್ಛಮಾಡಿ, ಮುಖಕ್ಕೆ ಮಾಸ್ಕ್ ಇಟ್ಟು ಅರಿವಳಿಕೆ ಕೊಡುವುದೇ ಹೆಚ್ಚು.

ಐದರಿಂದ ಎಂಟು ವರ್ಷ ಬದುಕುವ ಪ್ರಾಣಿಗೆ ನಾಲ್ಕೈದು ತುಂಬಿದರೆ ಮುಪ್ಪು ಬಂದಂತೆಯೇ. ಮುದಿ ಹೆಣ್ಣುಗಳಲ್ಲಿ ತೀರ ಸಾಮಾನ್ಯವಾದ ತೊಂದರೆ ಅಂಡಾಶಯದಲ್ಲಿ ಬೆಳೆಯುವ ನೀರುಗುಳ್ಳೆ. ಎರಡೂ ಪಕ್ಕೆಗಳಲ್ಲಿ ಒಂದೇ ಸಮನಾಗಿ ಕೂದಲು ಉದುರುತ್ತದೆ, ಹೊಟ್ಟೆ ಅಗಲವಾಗುತ್ತದೆ, ಸ್ವಭಾವ ಸಿಡುಕಾಗುತ್ತದೆ. ಗಂಡು ಹೆಣ್ಣೆನ್ನದೆ ಬರುವ ಇನ್ನೊಂದು ಕಾಟ ಮೂತ್ರಕೋಶದ ಕಲ್ಲು. ಎರಡಕ್ಕೂ ಆಪರೇಷನ್ ಬೇಕಾಗುವುದುಂಟು.

ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಅರಿವಳಿಕೆಯ ಹೊತ್ತಿನಲ್ಲಿ ಅಥವಾ ಅದರ ಬೆನ್ನಲ್ಲೇ ಸತ್ತ ನಾಯಿಗಳು ಶೇ 0.17, ಬೆಕ್ಕುಗಳು ಶೇ 0.24, ಗಿನಿಪಿಗ್‌ಗಳು ಶೇ 3.8. ಅಂದರೆ ಬಹುಪಾಲು ಗಿನಿಪಿಗ್‌ಗಳು ಬದುಕಿ ಮನೆಗೆ ಮರಳುತ್ತವೆ, ಆದರೂ ಇದು ಹಗುರವಾಗಿ ತೆಗೆದುಕೊಳ್ಳುವ ಅಂಕಿಯಲ್ಲ. ಮುದಿ ಪ್ರಾಣಿಯಾದರೆ ರಕ್ತಪರೀಕ್ಷೆ, ಎಕ್ಸ್‌ರೇ ಮಾಡಿಸದೆ ಮೇಜಿನ ಮೇಲೆ ಮಲಗಿಸಬಾರದು. ‘ಆಪರೇಷನ್ ಬೇಕೇ ಬೇಕೇ?’ ಎಂದು ವೈದ್ಯರನ್ನು ಕೇಳಲು ಸಂಕೋಚವೂ ಬೇಡ. ಕೆಲವು ಗುಳ್ಳೆಗಳ ನೀರನ್ನು ಸೂಜಿಯಿಂದ ತೆಗೆದು ಕಾಲ ತಳ್ಳಬಹುದು, ಮತ್ತೆ ತುಂಬಿಕೊಳ್ಳುತ್ತದೆಂಬುದು ಗೊತ್ತಿದ್ದರೆ ಸಾಕು.

ಆಪರೇಷನ್‌ಗೆ ಮುಂಚಿನ ದಿನಗಳಲ್ಲಿ ಮನೆಯವರು ಮಾಡಬೇಕಾದ್ದು ಎರಡು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡುವುದು, ಸೂಜಿ ತೆಗೆದ ಸಿರಿಂಜಿನಲ್ಲಿ ಉಣ್ಣುವುದನ್ನು ಅದಕ್ಕೆ ರೂಢಿಮಾಡಿಸುವುದು. ನೋವಿನಲ್ಲಿರುವಾಗ ಸಿರಿಂಜನ್ನು ಮೊದಲ ಸಲ ಕಂಡರೆ ಅದು ಹಲ್ಲು ಕಚ್ಚಿ ಕೂರುತ್ತದೆ.

ಮನೆಗೆ ಬಂದ ಮೊದಲ ರಾತ್ರಿ ಬೆಚ್ಚಗಿಡುವುದೇ ದೊಡ್ಡ ಕೆಲಸ. ಒಂದು ಕಿಲೋ ಆಸುಪಾಸಿನ ದೇಹ, ಹೊಟ್ಟೆಯ ಕೂದಲು ಬೋಳಿಸಿರುತ್ತಾರೆ, ಕಾವು ಬೇಗ ಸೋರಿಹೋಗುತ್ತದೆ. ಬಿಸಿನೀರಿನ ಬ್ಯಾಗನ್ನು ಟವೆಲಿನಲ್ಲಿ ಸುತ್ತಿ ಗೂಡಿನ ಒಂದು ಬದಿಗಿಡಿ. ಸೆಕೆಯಾದರೆ ಅತ್ತ ಸರಿಯಲು ಜಾಗವಿರಲಿ. ಮರದ ಹೊಟ್ಟು ಹೊಲಿಗೆಗೆ ಮೆತ್ತಿಕೊಳ್ಳುತ್ತದೆ, ಹಾಸಲು ಬಟ್ಟೆಯೇ ಮೇಲು.

ಇನ್ನು ಸಿರಿಂಜಿನ ಊಟ. ಗಿನಿಪಿಗ್ ತಿನ್ನುವ ಪೆಲೆಟ್ ಆಹಾರವನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ತೆಳ್ಳಗೆ ಗಂಜಿಯ ಹದಕ್ಕೆ ತನ್ನಿ. ಪ್ರಾಣಿಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಳ್ಳಿ, ಅಂಗಾತ ಮಲಗಿಸಕೂಡದು. ಮುಂದಿನ ಹಲ್ಲುಗಳ ಹಿಂದೆ, ಕೆನ್ನೆಯ ಕಡೆ, ಹಲ್ಲಿಲ್ಲದ ಒಂದು ಸಂದಿ ಇದೆ. ಸಿರಿಂಜಿನ ಮೂತಿಯನ್ನು ಅಲ್ಲಿ ಅಡ್ಡವಾಗಿ ಇಟ್ಟು ಒಂದೊಂದು ಚೂರೇ ಒತ್ತಬೇಕು. ದವಡೆ ಆಡುವುದು ಕಾಣಿಸುತ್ತದೆ. ಅಗಿದು ನುಂಗಿತೆಂದು ಖಾತ್ರಿಯಾದ ಮೇಲೆಯೇ ಮುಂದಿನ ತುತ್ತು. ವೈದ್ಯರು ಹೇಳಿದ ಲೆಕ್ಕಕ್ಕೆ ಕೆಲವು ಗಂಟೆಗೊಮ್ಮೆ, ರಾತ್ರಿ ನಡುವೆ ಎದ್ದಾದರೂ ಸರಿ, ತಿನ್ನಿಸಬೇಕು. ಹೊಟ್ಟೆಗಷ್ಟೇ ಅಲ್ಲ, ಹಲ್ಲಿಗೂ ತಿನ್ನುತ್ತಿರುವುದು ಬೇಕು: ಅದರ 20 ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತವೆ, ಹುಲ್ಲು ಅಗಿಯುವುದು ತಪ್ಪಿದರೆ ಸವೆಯುವುದೂ ತಪ್ಪುತ್ತದೆ. ಪಕ್ಕದಲ್ಲಿ ಒಣಹುಲ್ಲು ಸದಾ ಇರಲಿ.

ಊಟ ಒಳಗೆ ಹೋದದ್ದಕ್ಕೆ ಸಾಕ್ಷಿ ಹಿಕ್ಕೆ. ಮೊದಲಿಗೆ ಸಣ್ಣ, ಒಣಕಲು ಹಿಕ್ಕೆ ಬೀಳುತ್ತದೆ, ಕ್ರಮೇಣ ತುಂಬಿಕೊಳ್ಳುತ್ತದೆ. ಅರ್ಧ ದಿನ ಏನೂ ಬೀಳದಿದ್ದರೆ, ಹೊಟ್ಟೆ ಬಿಗಿದಿದ್ದರೆ ಬೆಳಗಾಗಲೆಂದು ಕಾಯಬಾರದು. ಬೇಟೆಯಾಗುವ ಪ್ರಾಣಿ ನೋವನ್ನು ಬಚ್ಚಿಡುತ್ತದೆ. ಮೈ ಮುದುಡಿ, ಕೂದಲು ನಿಗುರಿಸಿ, ಕಣ್ಣು ಅರೆಮುಚ್ಚಿ ಹಲ್ಲು ಮಸೆಯುತ್ತಿದ್ದರೆ ಅದು ಜೋರು ನೋವೇ. ‘ಈಗ ಪರವಾಗಿಲ್ಲವಲ್ಲ’ ಎಂದು ವೈದ್ಯರು ಕೊಟ್ಟ ನೋವಿನ ಔಷಧಿಯನ್ನು ನಡುವೆ ನಿಲ್ಲಿಸುವವರು ಬಹಳ. ನೋವಿದ್ದ ಪ್ರಾಣಿ ತಿನ್ನುವುದಿಲ್ಲ.

ಮನೆಯ ಡಬ್ಬಿಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರ ಎಂದೂ ಬೇಡ, ಅದು ಪೆನಿಸಿಲಿನ್ ಜಾತಿಯ ಆ್ಯಂಟಿಬಯಾಟಿಕ್. 1940ರ ಮೇ 25ರಂದು ಆಕ್ಸ್‌ಫರ್ಡ್‌ನಲ್ಲಿ ವಿಜ್ಞಾನಿ ಹೊವರ್ಡ್ ಫ್ಲೋರಿ ಪೆನಿಸಿಲಿನ್ ಪರೀಕ್ಷಿಸಿದ್ದು ಎಂಟು ಬಿಳಿ ಇಲಿಗಳ ಮೇಲೆ. ಗಿನಿಪಿಗ್‌ಗಳಿಗೆ ಅದೇ ಔಷಧಿ ಮಾರಕವೆಂದು ಕೆಲವೇ ವರ್ಷಗಳಲ್ಲಿ ತಿಳಿಯಿತು. ಪೆನಿಸಿಲಿನ್ ಜಾತಿಯ ಔಷಧಿಗಳು ಸೀಕಮಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಒರೆಸಿಹಾಕುತ್ತವೆ, ತೆರವಾದ ಜಾಗದಲ್ಲಿ ವಿಷ ಕಾರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇವಕ್ಕೆ ಹೊಂದುವ ಆ್ಯಂಟಿಬಯಾಟಿಕ್‌ಗಳೇ ಬೇರೆ.

ಗಾಯ ಮಾಯಲು ಸಿ ವಿಟಮಿನ್ ಬೇಕು, ನಮ್ಮಂತೆ ಗಿನಿಪಿಗ್ ಕೂಡ ಅದನ್ನು ದೇಹದಲ್ಲಿ ತಯಾರಿಸಿಕೊಳ್ಳಲಾರದು. ನಾರ್ವೆಯ ವಿಜ್ಞಾನಿಗಳಾದ ಹೋಲ್ಸ್ಟ್ ಮತ್ತು ಫ್ರೋಲಿಕ್ 1907ರಲ್ಲಿ ಬರೀ ಧಾನ್ಯ ತಿನ್ನಿಸಿ ಇವುಗಳಿಗೆ ಸಿ ವಿಟಮಿನ್ ಕೊರತೆಯ ಕಾಯಿಲೆಯಾದ ಸ್ಕರ್ವಿ ಬರಿಸಿ ತೋರಿಸಿದ್ದರು. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕಿದರೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ, ರುಚಿ ಕೆಟ್ಟು ಪ್ರಾಣಿ ನೀರನ್ನೂ ಬಿಡಬಹುದು. ದಿನಕ್ಕೊಂದು ಹೋಳು ದೊಣ್ಣೆಮೆಣಸಿನಕಾಯಿ, ಬೇಕಿದ್ದರೆ ವೈದ್ಯರು ಹೇಳಿದ ಪ್ರಮಾಣ ನೇರ ಬಾಯಿಗೆ.

ತಾನಾಗಿ ಹುಲ್ಲು ಎಳೆಯತೊಡಗಿ, ತಕ್ಕಡಿಯ ಅಂಕಿ ಇಳಿಯುವುದು ನಿಂತ ಮೇಲೆ ಸಿರಿಂಜಿನ ಊಟವನ್ನು ಒಂದೊಂದು ಹೊತ್ತಾಗಿ ಬಿಡಿಸಬಹುದು.