ತೋಟದ ಮನೆಯಲ್ಲಿ ಅಲಂಕಾರದ ಹಕ್ಕಿಗಳು

ಕಳೆ ತೆಗೆಸುವಾಗ ಕಾಫಿ ಗಿಡದ ಬುಡದಲ್ಲಿ ನವಿಲಿನ ಮೊಟ್ಟೆ ಸಿಕ್ಕಿತೆಂದೂ, ಅದನ್ನು ಕಾವಿಗೆ ಕೂತ ನಾಟಿಕೋಳಿಯ ಅಡಿಗೆ ಇಡಬಹುದೇ ಎಂದೂ ಸದಸ್ಯರು ಸಂಘದ ಕಛೇರಿಯಲ್ಲಿ ವಿಚಾರಿಸುವುದುಂಟು. ಖಂಡಿತ ಇಡಬಾರದು. ಮೊಟ್ಟೆ ಒಡೆದು ಮರಿಯಾಗಲು ಸುಮಾರು 28 ದಿನ ಬೇಕು. ಅಷ್ಟು ದಿನ ಆ ಪಟ್ಟಿಯ ಕಳೆ ಕೆಲಸ ನಿಂತರೆ ನಮಗೇನೂ ದೊಡ್ಡ ನಷ್ಟವಿಲ್ಲ.

ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಮೊಟ್ಟೆ ಎತ್ತುವುದೂ ಕಾಯಿದೆಯ ಪ್ರಕಾರ ಬೇಟೆಯೇ. 2022ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಬಿಳಿ ನವಿಲು ಬೇರೆ ಜಾತಿಯೆಂದು ಹೇಳಿ ಮಾರುವವರಿದ್ದಾರೆ. ಅದೂ ನಮ್ಮ ನವಿಲೇ, ಬಣ್ಣ ಮಾತ್ರ ಬೇರೆ. ತಾನಾಗಿ ಉದುರಿದ ಗರಿಯನ್ನು ಮಕ್ಕಳು ಪುಸ್ತಕದಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ. ತೋಟದ ಚುಕ್ಕೆ ಬೆಳವಕ್ಕೂ ಕಾಡುಕೋಳಿಗೂ ಕಾಯಿದೆಯ ರಕ್ಷಣೆಯಿದೆ.

ಹಕ್ಕಿ ಸಾಕುವ ಆಸೆಯಿರುವವರಿಗೆ ಚೀನಾ ಮೂಲದ ಗೋಲ್ಡನ್ ಫೆಸೆಂಟ್ ಮತ್ತು ಸಿಲ್ವರ್ ಫೆಸೆಂಟ್ ಇವೆ. ಆದರೆ ಫೆಸೆಂಟ್ ಎಂದ ಮಾತ್ರಕ್ಕೆ ಹೊರದೇಶದ್ದೆಂದು ತಿಳಿಯಬೇಡಿ. ಹಿಮಾಲಯದ ಮೊನಾಲ್, ಕಾಲಿಜ್ ನಮ್ಮ ದೇಶದವು, ಮುಟ್ಟುವಂತಿಲ್ಲ. ಹೊರದೇಶದ ಹಕ್ಕಿಗಳಲ್ಲೂ ನಾಲ್ಕನೆಯ ಅನುಸೂಚಿಯವನ್ನು ನೋಂದಾಯಿಸಬೇಕಾಗುತ್ತದೆ. ಕೊಳ್ಳುವ ಮೊದಲೇ ಹಕ್ಕಿಯ ಹೆಸರು ಹಿಡಿದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಕೊಂಡ ಮೇಲೆ ರಸೀದಿ ಜೋಪಾನವಾಗಿಡಿ.

ಗೋಲ್ಡನ್ ಫೆಸೆಂಟ್ ಹುಂಜಕ್ಕೆ ಪೂರ್ಣ ಬಣ್ಣ ಬರುವುದು ಎರಡನೆಯ ವರ್ಷದಲ್ಲಿ. ಸದಾ ಬಿಸಿಲಿಗೆ ಬಿದ್ದರೆ ಆ ಬಣ್ಣ ಮಂಕಾಗುತ್ತದೆ. ಹೀಗಾಗಿ ನಮ್ಮ ತೋಟದ ನೆರಳು ಅದಕ್ಕೆ ಒಗ್ಗುತ್ತದೆ. ಒಗ್ಗದಿರುವುದು ನಮ್ಮ ಮಳೆ. ಗೂಡಿನ ನೆಲ ಎತ್ತರವಾಗಿರಲಿ, ಮೇಲೆ ಮರಳು ಹಾಸಿ, ಮಳೆ ಹೊಡೆಯುವ ಪಶ್ಚಿಮದ ಮಗ್ಗುಲನ್ನು ಪೂರ್ತಿ ಮುಚ್ಚಿ. ಒದ್ದೆ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ತಗಲುವುದು ಬೇಗ. ಅರ್ಧ ಇಂಚಿನ ಜಾಲರಿಯನ್ನು ಒಂದು ಅಡಿ ನೆಲದೊಳಗೂ ಹೂಳಬೇಕು. ಕಬ್ಬೆಕ್ಕು, ಮುಂಗುಸಿಗಳ ಕಾಟ ನಿಮಗೆ ಗೊತ್ತೇ ಇದೆ. ಬೆದರಿದಾಗ ಫೆಸೆಂಟ್ ನೇರ ಮೇಲಕ್ಕೆ ಹಾರಿ ತಲೆ ಒಡೆದುಕೊಳ್ಳುತ್ತದೆ. ಅದಕ್ಕಾಗಿ ಮಾಡಿನ ಕೆಳಗೆ ಮೆತ್ತನೆಯ ಬಲೆ ಕಟ್ಟಿ.

ಒಂದು ಹುಂಜಕ್ಕೆ ಎರಡು ಮೂರು ಹೇಂಟೆ ಸಾಕು. ಗೂಡಿನಲ್ಲಿ ಸಾಕಿದ ಹೇಂಟೆ ಸರಿಯಾಗಿ ಕಾವಿಗೆ ಕೂರುತ್ತದೆಂಬ ಭರವಸೆಯಿಲ್ಲ. ಗೋಲ್ಡನ್ ಫೆಸೆಂಟ್ ಮೊಟ್ಟೆಗೆ 22ರಿಂದ 23 ದಿನದ ಕಾವು ಬೇಕು. ಇಲ್ಲಿ ನಾಟಿಕೋಳಿಯ ನೆರವು ಪಡೆಯುವವರು ಒಂದು ಮಾತು ಗಮನಿಸಬೇಕು. ಕೋಳಿಯ ಹೊಟ್ಟೆಹುಳುವಿನ ಮೂಲಕ ಬ್ಲ್ಯಾಕ್‌ಹೆಡ್ ಎಂಬ ರೋಗ ಹರಡುತ್ತದೆ. ಕೋಳಿಗೆ ಅದರಿಂದ ಹೆಚ್ಚೇನೂ ಆಗದು, ಫೆಸೆಂಟ್ ಸಾಯಬಹುದು. ಆ ಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಹಳೆಯ ಕೋಳಿಗೂಡಿನ ಜಾಗ ಬೇಡ. ಕಾವಿಗೆ ಕೂರಿಸುವ ಕೋಳಿಗೆ ಮೊದಲು ಜಂತುಹುಳುವಿನ ಔಷಧಿ ಕೊಡಿಸಿ. ಇನ್‌ಕ್ಯುಬೇಟರ್ ಸಿಕ್ಕರೆ ಇನ್ನೂ ಒಳ್ಳೆಯದು.

ಅಡಿಕೆ ಮರದ ಬುಡದಲ್ಲಂತೂ ಗೂಡು ಕಟ್ಟಲೇಬೇಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತೊಟ್ಟಿಕ್ಕಿ ನೀರಿನ ಬಾನಿಗೆ ಬೀಳುತ್ತದೆ. ಮೈಲುತುತ್ತ ಹಕ್ಕಿಗೆ ವಿಷ.

ಇಷ್ಟೆಲ್ಲ ರಗಳೆ ಬೇಡವೆನ್ನುವವರು ಪಂಜರದ ಬೆಳವದಿಂದ ಆರಂಭಿಸುವುದೇ ಮೇಲೆಂದು ನಮ್ಮ ಅಭಿಪ್ರಾಯ. ಆಸ್ಟ್ರೇಲಿಯಾದ ಡೈಮಂಡ್ ಡವ್ ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಎರಡು ಮೊಟ್ಟೆ ಇಟ್ಟು, ಎರಡು ವಾರದೊಳಗೆ ಮರಿ ಮಾಡಿ, ಗಂಡು ಹೆಣ್ಣು ಎರಡೂ ಗಂಟಲಚೀಲದ ಹಾಲೂಡಿಸಿ ಸಾಕುತ್ತವೆ. ನವಣೆ, ಸಾಮೆಯಂಥ ಸಣ್ಣ ಕಾಳು, ಸ್ವಲ್ಪ ಸಣ್ಣ ಕಲ್ಲುಪುಡಿ, ದಿನಾ ಶುದ್ಧ ನೀರು ಸಾಕು. ಜೋಡಿಯಾಗಿಯೇ ಕೊಳ್ಳಿ.